ಕ್ಷಯದ ವೇಷದಲ್ಲಿ ಬರುವ ಕೆಮ್ಮು

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಕೆಮ್ಮಿನ ವಿಷಯದಲ್ಲಿಯೂ ಈ ಮಾತು ನಿಜ. ನಮ್ಮ ಹಳ್ಳಿಗಳಲ್ಲಿ ಒಬ್ಬಾತ ತಿಂಗಳುಗಟ್ಟಲೆ ಕೆಮ್ಮುತ್ತ ದಿನದಿನಕ್ಕೆ ಸೊರಗುತ್ತ ಬಂದನೆಂದರೆ, ನೆರೆಹೊರೆಯವರು ಮೊದಲು ಪಿಸುಗುಟ್ಟುವ ಹೆಸರು ಕ್ಷಯ. ಎದೆಯಲ್ಲಿ ಸುಂಯ್ ಎಂಬ ಸದ್ದಿದ್ದರೆ ‘ದಮ್ಮು’ ಎನ್ನುತ್ತಾರೆ. ಹೆಸರು ಬಿದ್ದ ಮರುದಿನದಿಂದಲೇ ಆತನ ತಟ್ಟೆ ಬೇರೆ, ಹಾಸಿಗೆ ಬೇರೆ. ಮನೆಯಲ್ಲಿ ಮದುವೆಯ ವಯಸ್ಸಿನ ಮಗಳಿದ್ದರೆ ಬಂದ ಸಂಬಂಧವೂ ಹಿಂದೆ ಸರಿಯುತ್ತದೆ. ರೋಗದ ಹೆಸರನ್ನು ತಪ್ಪಾಗಿ ಇಡುವುದರಿಂದ ರೋಗಿಯೊಬ್ಬನಿಗಷ್ಟೇ ಅಲ್ಲ, ಇಡೀ ಮನೆಗೇ ಕಷ್ಟ.

ಕ್ಷಯವನ್ನೂ ಉಬ್ಬಸವನ್ನೂ ಹೋಲುವ, ಆದರೆ ಎರಡೂ ಅಲ್ಲದ ಒಂದು ಶ್ವಾಸಕೋಶದ ರೋಗವಿದೆ. ವೈದ್ಯರು ಅದನ್ನು ಟ್ರಾಪಿಕಲ್ ಇಯೊಸಿನೊಫಿಲಿಯಾ ಎಂದು ಕರೆಯುತ್ತಾರೆ. ಜನರ ಬಾಯಲ್ಲಿ ಅದು ‘ಇಸ್ನೋಫೀಲಿಯಾ’. ಕಾರಣ ತಿಳಿದರೆ ಮೂರು ವಾರಗಳ ಮಾತ್ರೆಯಿಂದ ಬಹುಮಟ್ಟಿಗೆ ಗುಣವಾಗುವ ಈ ರೋಗವನ್ನು ಗುರುತಿಸಿದ ಬಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಅದನ್ನು ಈ ಲೇಖನದಲ್ಲಿ ನೋಡೋಣ.

ರೋಗದ ಲಕ್ಷಣಗಳು

ಈ ಕೆಮ್ಮು ಒಣಕೆಮ್ಮು. ಹಗಲಿನಲ್ಲಿ ಅಷ್ಟಾಗಿ ಕಾಡದೆ ರಾತ್ರಿ ಮಲಗಿದ ಮೇಲೆ, ಅದರಲ್ಲಿಯೂ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಬಿಟ್ಟೂ ಬಿಡದೆ ಬರುತ್ತದೆ. ಉಸಿರು ಸಿಕ್ಕಿದಂತಾಗಿ ರೋಗಿ ಎದ್ದು ಕೂರುತ್ತಾನೆ. ಎದೆಯಲ್ಲಿ ಸಿಳ್ಳೆಯಂತಹ ಸದ್ದು ಕೇಳುತ್ತದೆ. ಕೆಲವರಿಗೆ ಸಣ್ಣ ಜ್ವರ, ಆಯಾಸ, ತೂಕ ಇಳಿಯುವುದು ಇವೂ ಇರುತ್ತವೆ. ಹೆಂಗಸರಿಗಿಂತ ಗಂಡಸರಲ್ಲಿ, ಅದರಲ್ಲಿಯೂ ದುಡಿಯುವ ವಯಸ್ಸಿನವರಲ್ಲಿ, ಇದು ಹೆಚ್ಚು.

ಎದೆಯ ಎಕ್ಸ್-ರೇ ತೆಗೆದರೆ ಎರಡೂ ಶ್ವಾಸಕೋಶಗಳಲ್ಲಿ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳು ಕಾಣಬಹುದು. ಕ್ಷಯದಲ್ಲಿಯೂ ಒಂದು ಬಗೆಯಲ್ಲಿ ಇಂತಹವೇ ಚುಕ್ಕೆಗಳು ಮೂಡುತ್ತವೆ. ಜ್ವರ, ಕೆಮ್ಮು, ಸೊರಗುವಿಕೆ, ಚುಕ್ಕೆ ಎಲ್ಲವೂ ಕ್ಷಯದಂತೆಯೇ ಇದ್ದ ಮೇಲೆ ಹಿಂದಿನ ವೈದ್ಯರು ಇದನ್ನು ಕ್ಷಯವೆಂದೇ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಮದನಪಲ್ಲಿಯಿಂದ ವೆಲ್ಲೂರಿನವರೆಗೆ

ಈ ರೋಗವನ್ನು ಕ್ಷಯದಿಂದ ಬೇರ್ಪಡಿಸಿದ ಕೆಲಸ ನಡೆದದ್ದು ಬಹುಪಾಲು ನಮ್ಮ ದೇಶದಲ್ಲಿಯೇ. ಕೋಲಾರದ ಗಡಿಗೆ ಸಮೀಪದಲ್ಲಿರುವ ಆಂಧ್ರದ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬ ಹೆಸರಾಂತ ಕ್ಷಯರೋಗ ಚಿಕಿತ್ಸಾಲಯವಿತ್ತು. ಡೆನ್ಮಾರ್ಕಿನಿಂದ ಬಂದ ಡಾ. ಫ್ರಿಮೊಟ್-ಮೊಲರ್ ಅವರು ಅಲ್ಲಿ ಸೇವೆ ಸಲ್ಲಿಸುತ್ತಿದ್ದರು. ಕ್ಷಯವೆಂದು ಬಂದ ರೋಗಿಗಳಲ್ಲಿ ಕೆಲವರ ಕಾಯಿಲೆ ಕ್ಷಯವಲ್ಲವೆಂದೂ, ಅವರ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಕಣಗಳು ಬಹಳ ಹೆಚ್ಚಾಗಿವೆಯೆಂದೂ ಅವರು ಕಂಡುಕೊಂಡರು. 1940ರಲ್ಲಿ ಅವರೂ ಅವರ ಸಹೋದ್ಯೋಗಿ ಡಾ. ಬಾರ್ಟನ್ ಅವರೂ ಇದನ್ನು ‘ಕ್ಷಯದಂತೆ ತೋರುವ ಸ್ಥಿತಿ’ ಎಂದು ಕರೆದು ಇಂಡಿಯನ್ ಮೆಡಿಕಲ್ ಗೆಜೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಬರೆದರು.

1943ರಲ್ಲಿ ಡಾ. ವೈನ್‌ಗಾರ್ಟನ್ ಎಂಬವರು ಭಾರತದಲ್ಲಿ ತಾವು ಕಂಡ 81 ರೋಗಿಗಳನ್ನು ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು, ರೋಗಕ್ಕೆ ‘ಟ್ರಾಪಿಕಲ್ ಇಯೊಸಿನೊಫಿಲಿಯಾ’ ಎಂದು ಹೆಸರಿಟ್ಟರು. ಆರ್ಸೆನಿಕ್ ಬೆರೆತ ಔಷಧ ಕೊಟ್ಟರೆ ಕೆಮ್ಮು ನಿಲ್ಲುತ್ತದೆಂದೂ ತೋರಿಸಿದರು. ಹೆಸರು ಸಿಕ್ಕಿತು, ಔಷಧವೂ ಸಿಕ್ಕಿತು. ಆದರೆ ಕಾರಣ ಸಿಕ್ಕಿರಲಿಲ್ಲ. ಆರ್ಸೆನಿಕ್ ಎಂದರೆ ಪಾಷಾಣ. ಅದು ದೇಹಕ್ಕೆ ಹಿತವಾದ ವಸ್ತುವೂ ಅಲ್ಲ.

ಮುಂದಿನ ಸುಳಿವು ಬೇರೊಂದು ದಿಕ್ಕಿನಿಂದ ಬಂದಿತು. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರು ಅಲ್ಲಿನ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅವರ ತಂಡ 1947ರಲ್ಲಿ ಆನೆಕಾಲು ರೋಗದ ಹುಳುಗಳ ಮೇಲೆ ಕೆಲಸ ಮಾಡುವ ಒಂದು ಔಷಧವನ್ನು ಪ್ರಕಟಿಸಿತು. ಅದರ ಹೆಸರು ಡೈಈಥೈಲ್‌ಕಾರ್ಬಮಜೀನ್, ಚಿಕ್ಕದಾಗಿ ಡಿ.ಇ.ಸಿ. ಮಾರಾಟಕ್ಕೆ ಬಂದಾಗ ಅದನ್ನು ಹೆಟ್ರಾಜಾನ್ ಎಂದರು. 1950ರ ದಶಕದಲ್ಲಿ ವೈದ್ಯರು ಇದನ್ನು ರಾತ್ರಿ ಕೆಮ್ಮಿನ ಈ ರೋಗಿಗಳಿಗೂ ಕೊಟ್ಟು ನೋಡಿದರು. ಕೆಮ್ಮು ನಿಂತಿತು! ಆನೆಕಾಲಿನ ಹುಳುವಿನ ಔಷಧದಿಂದ ಶ್ವಾಸಕೋಶದ ಕೆಮ್ಮು ನಿಲ್ಲುವುದೆಂದರೆ ಆ ಹುಳುವಿಗೂ ಈ ಕೆಮ್ಮಿಗೂ ಸಂಬಂಧವಿರಲೇಬೇಕಲ್ಲವೇ?

ಇದಕ್ಕೆ ಕಣ್ಣಾರೆ ಕಾಣುವ ಸಾಕ್ಷಿಯನ್ನು ಒದಗಿಸಿದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೆಬ್, ಜಾಬ್ ಮತ್ತು ಗಾಲ್ಟ್ ಎಂಬ ಮೂವರು ವೈದ್ಯರು. ಅವರು ರೋಗಿಗಳ ಶ್ವಾಸಕೋಶ, ಯಕೃತ್ತು ಮತ್ತು ದುಗ್ಧಗ್ರಂಥಿಗಳಿಂದ ತೆಗೆದ ಸಣ್ಣ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅವುಗಳೊಳಗೆ ಆನೆಕಾಲು ಹುಳುವಿನ ಮರಿಗಳು ಸಿಕ್ಕಿಬಿದ್ದಿದ್ದವು. 1960ರಲ್ಲಿ ಅವರ ಲೇಖನ ಪ್ರಕಟವಾಯಿತು.

ಹುಳು ಕಾಲಿನದು, ಕೆಮ್ಮು ಎದೆಯದು ಏಕೆ?

ಆನೆಕಾಲು ರೋಗದ ಹುಳು ಸೊಳ್ಳೆಯ ಕಡಿತದಿಂದ ನಮ್ಮ ದೇಹವನ್ನು ಸೇರುತ್ತದೆ. ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ವಾಸಿಸುತ್ತವೆ. ಹೆಣ್ಣುಹುಳು ಬೆರಳಿನಷ್ಟು ಉದ್ದ, ದಾರದಷ್ಟು ಸಣ್ಣ. ಅದು ಹಾಕುವ ಮರಿಗಳಿಗೆ ಮೈಕ್ರೋಫೈಲೇರಿಯಾ ಎಂದು ಹೆಸರು. ಒಂದೊಂದು ಮರಿ ಮಿಲಿಮೀಟರಿನ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಉದ್ದ. ಸಾಮಾನ್ಯವಾಗಿ ಈ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುತ್ತವೆ. ಆದುದರಿಂದಲೇ ಆನೆಕಾಲು ರೋಗದ ಪರೀಕ್ಷೆಗೆ ಆರೋಗ್ಯ ಕಾರ್ಯಕರ್ತರು ರಾತ್ರಿ ಬಂದು ಬೆರಳಿನಿಂದ ರಕ್ತ ತೆಗೆಯುತ್ತಿದ್ದುದು.

ಕೆಲವೇ ಕೆಲವರ ದೇಹ ಮಾತ್ರ ಈ ಮರಿಗಳನ್ನು ಕಿಂಚಿತ್ತೂ ಸಹಿಸುವುದಿಲ್ಲ. ಮರಿಗಳು ಶ್ವಾಸಕೋಶದ ಅತಿ ಸೂಕ್ಷ್ಮ ರಕ್ತನಾಳಗಳಿಗೆ ಬಂದಕೂಡಲೇ ಅವನ್ನು ಅಲ್ಲಿಯೇ ಹಿಡಿದು ನಾಶಮಾಡುತ್ತದೆ. ಈ ಹೋರಾಟದ ಸೈನಿಕರೇ ಇಯೊಸಿನೊಫಿಲ್‌ಗಳು. ಕಳ್ಳನನ್ನು ಹಿಡಿಯುವ ಗದ್ದಲದಲ್ಲಿ ಮನೆಯ ಮಡಕೆಗಳೇ ಒಡೆಯುವಂತೆ, ಈ ಹೋರಾಟದಲ್ಲಿ ಶ್ವಾಸಕೋಶವೇ ಊದಿಕೊಳ್ಳುತ್ತದೆ. ಕೆಮ್ಮು, ಉಬ್ಬಸಗಳು ಅದರ ಫಲ. ಮರಿಗಳೆಲ್ಲ ಶ್ವಾಸಕೋಶದಲ್ಲಿಯೇ ನಾಶವಾಗುವುದರಿಂದ ಈ ರೋಗಿಗಳ ರಕ್ತದಲ್ಲಿ ನಡುರಾತ್ರಿ ಹುಡುಕಿದರೂ ಮರಿ ಸಿಗುವುದಿಲ್ಲ. ಇಷ್ಟು ಕಾಲ ಕಾರಣ ಗುಟ್ಟಾಗಿ ಉಳಿದುದರ ರಹಸ್ಯ ಇದೇ.

ರಕ್ತದ ಲೆಕ್ಕ

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಒಂದು ಜಾತಿ ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಜರ್ಮನಿಯ ಪಾಲ್ ಎರ್ಲಿಕ್ 1879ರಲ್ಲಿ ಇದನ್ನು ಗುರುತಿಸಿದರು. ಇಯೋಸಿನ್ನನ್ನು ಮೆಚ್ಚುವ ಕಣವಾದ್ದರಿಂದ ಇಯೊಸಿನೊಫಿಲ್ ಎಂಬ ಹೆಸರು ಬಂದಿತು.

ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕಣಗಳು 500ಕ್ಕಿಂತ ಹೆಚ್ಚಿರುವುದಿಲ್ಲ. ನಾವು ಹೇಳುತ್ತಿರುವ ರೋಗದಲ್ಲಿ ಅವು ಸಾಮಾನ್ಯವಾಗಿ 3,000ವನ್ನು ಮೀರುತ್ತವೆ. ಒಂದು ಲೆಕ್ಕ ಮಾಡೋಣ. ಒಬ್ಬನ ರಕ್ತದಲ್ಲಿ ಘನ ಮಿಲಿಮೀಟರಿಗೆ 10,000 ಬಿಳಿಯ ಕಣಗಳಿವೆ, ಅವುಗಳಲ್ಲಿ ನೂರಕ್ಕೆ 8 ಇಯೊಸಿನೊಫಿಲ್. ಒಟ್ಟು 800. ಇನ್ನೊಬ್ಬನಲ್ಲಿ 20,000 ಕಣಗಳಿವೆ, ನೂರಕ್ಕೆ 40 ಇಯೊಸಿನೊಫಿಲ್. ಒಟ್ಟು 8,000. ಮೊದಲನೆಯವನಿಗೂ ‘ಇಸ್ನೋಫೀಲಿಯಾ’ ಎಂದು ಹೇಳಿ ಗಾಬರಿಪಡಿಸುವುದುಂಟು. ಆದರೆ ಜಂತುಹುಳು, ಅಲರ್ಜಿ, ಕೆಲವು ಔಷಧಗಳು ಇವುಗಳಿಂದಲೂ ಅಷ್ಟು ಏರಿಕೆ ಆಗಬಹುದು. ಎರಡನೆಯವನ ಲೆಕ್ಕವೇ ನಮ್ಮ ರೋಗದ ಕಡೆಗೆ ಬೆರಳು ತೋರಿಸುವಂಥದು.

ವೈದ್ಯರು ನಿರ್ಣಯಿಸುವ ಬಗೆ

ಒಂದೇ ಗುರುತಿನಿಂದ ರೋಗವನ್ನು ನಿರ್ಣಯಿಸಲಾಗದು. ವೈದ್ಯರು ಹಲವು ಗುರುತುಗಳನ್ನು ಕೂಡಿಸಿ ನೋಡುತ್ತಾರೆ:

1. ರೋಗಿ ಆನೆಕಾಲು ರೋಗವಿರುವ ಸೀಮೆಯವನೇ, ಅಥವಾ ಅಲ್ಲಿ ಕೆಲವು ಕಾಲ ಇದ್ದು ಬಂದವನೇ?
2. ಕೆಮ್ಮು, ಉಬ್ಬಸಗಳು ರಾತ್ರಿಯಲ್ಲಿ ಹೆಚ್ಚುತ್ತವೆಯೇ?
3. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇಲ್ಲವೆಂದು ಖಚಿತವಾಗಿದೆಯೇ?
4. ಇಯೊಸಿನೊಫಿಲ್ 3,000ಕ್ಕಿಂತ ಹೆಚ್ಚಾಗಿವೆಯೇ?
5. ರಕ್ತದಲ್ಲಿ ಹುಳುವಿನ ಮರಿ ಕಾಣದಿದ್ದರೂ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಹೆಚ್ಚಾಗಿವೆಯೇ?
6. ಡಿ.ಇ.ಸಿ. ಕೊಟ್ಟ ಮೇಲೆ ಗುಣ ಕಂಡಿತೇ?

ಈ ಪಟ್ಟಿಯ ಮೊದಲ ಎರಡು ಪ್ರಶ್ನೆಗಳಿಗೆ ಯಾವ ಯಂತ್ರವೂ ಬೇಡ. ಅವಕ್ಕೆ ಉತ್ತರ ಹೇಳಬೇಕಾದವನು ರೋಗಿ. ಗಡಿನಾಡಿನ ನಮಗೆ ಇದು ಮುಖ್ಯವಾದ ಮಾತು. ಮನೆಯಲ್ಲಿ ಕನ್ನಡವಾಡುವ ಮುದುಕರು ಮರಾಠಿ ಮಾತನಾಡುವ ವೈದ್ಯರ ಮುಂದೆ ಕುಳಿತಾಗ ‘ಖೋಕಲಾ’, ‘ದಮಾ’ ಎಂಬ ಎರಡು ಮಾತುಗಳಲ್ಲಿ ತಮ್ಮ ಕಷ್ಟವನ್ನೆಲ್ಲ ಮುಗಿಸಿಬಿಡುತ್ತಾರೆ. ಕೆಮ್ಮು ಯಾವ ಹೊತ್ತಿಗೆ ಬರುತ್ತದೆ, ಎಷ್ಟು ವಾರಗಳಾದವು, ಕಫ ಬೀಳುತ್ತದೆಯೇ, ಹಿಂದೆ ಯಾವ ಊರಿನಲ್ಲಿ ದುಡಿಯುತ್ತಿದ್ದರು ಎಂಬುದು ಅವರ ಬಾಯಿಂದ ಹೊರಡುವುದೇ ಇಲ್ಲ. ಎರಡೂ ಭಾಷೆ ಬಲ್ಲ ವಿದ್ಯಾರ್ಥಿಗಳು ಹಿರಿಯರ ಜೊತೆಗೆ ಹೋಗಿ ಇವನ್ನು ಬಿಡಿಸಿ ಹೇಳಿದರೆ ಅದು ಸಣ್ಣ ಸೇವೆಯಲ್ಲ. ನಾವು ಕಲಿತ ಎರಡು ಭಾಷೆಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದಿದೆ?

ಚಿಕಿತ್ಸೆ

ಡಿ.ಇ.ಸಿ. ಮಾತ್ರೆಯನ್ನು ದೇಹದ ತೂಕಕ್ಕೆ ತಕ್ಕಂತೆ, ಕಿಲೋ ಒಂದಕ್ಕೆ ದಿನಕ್ಕೆ 6 ಮಿಲಿಗ್ರಾಂನಂತೆ ಕೊಡುವುದು ರೂಢಿ. 50 ಕಿಲೋ ತೂಗುವವನಿಗೆ ದಿನಕ್ಕೆ 300 ಮಿಲಿಗ್ರಾಂ ಆಯಿತು. ಇದನ್ನು ಭಾಗಮಾಡಿ ಸುಮಾರು ಮೂರು ವಾರ ತೆಗೆದುಕೊಳ್ಳಬೇಕು. ಬಹುಪಾಲು ರೋಗಿಗಳಿಗೆ ಕೆಲವೇ ದಿನಗಳಲ್ಲಿ ಕೆಮ್ಮು ಇಳಿದು ನಿದ್ದೆ ಬರತೊಡಗುತ್ತದೆ. ನಿದ್ದೆ ಬಂದಿತೆಂದು ಮಾತ್ರೆ ಬಿಡುವುದು ತಪ್ಪು. ಕೆಲವರಲ್ಲಿ ರೋಗ ಮರುಕಳಿಸುವುದುಂಟು. ಆಗ ಔಷಧವನ್ನು ಮತ್ತೆ ಕೊಡಬೇಕಾಗುತ್ತದೆ. ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶ ಒಳಗೊಳಗೇ ನಾರಿನಂತೆ ಗಟ್ಟಿಯಾಗಿ, ಉಸಿರಿನ ಶಕ್ತಿ ಮರಳಿ ಬಾರದಂತೆ ಕುಂದುತ್ತದೆ.

ಈ ಲೆಕ್ಕವನ್ನು ಬರೆದದ್ದು ತಿಳಿವಳಿಕೆಗಾಗಿ ಮಾತ್ರ. ಗರ್ಭಿಣಿಯರಿಗೆ ಈ ಔಷಧ ಕೊಡುವುದಿಲ್ಲ. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದು ಸಲ್ಲದು.

ನಮ್ಮ ಕರ್ತವ್ಯ

ಗಡಿಯ ಈಚೆಗೆ ನಮ್ಮ ಸೊಲ್ಲಾಪುರ ಜಿಲ್ಲೆ, ಆಚೆಗೆ ಕಲಬುರಗಿ. ಎರಡೂ ಆನೆಕಾಲು ರೋಗವಿರುವ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿದವು. ಸೊಳ್ಳೆಗೆ ಭಾಷೆಯೂ ಇಲ್ಲ, ಗಡಿಯೂ ಇಲ್ಲ. ಈ ಹುಳುವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕೊಳಚೆ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮನೆಯ ಹಿಂದಿನ ಬಚ್ಚಲ ಗುಂಡಿ, ಕಟ್ಟಿಕೊಂಡ ಗಟಾರ, ಮುಚ್ಚಳವಿಲ್ಲದ ಶೌಚದ ತೊಟ್ಟಿ ಇವೇ ಅದರ ತವರುಮನೆ. ಇವನ್ನು ಹಸನಾಗಿಡುವುದೂ ಸೊಳ್ಳೆಪರದೆ ಕಟ್ಟುವುದೂ ರೋಗದ ಬೇರನ್ನೇ ಕಡಿದಂತೆ. ನಮ್ಮ ದೇಶದಲ್ಲಿ ಆನೆಕಾಲು ರೋಗ ನಿಯಂತ್ರಣದ ಕಾರ್ಯಕ್ರಮ 1955ರಲ್ಲಿಯೇ ಆರಂಭವಾಯಿತು. 2004ರಿಂದ ಈ ರೋಗವಿರುವ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಡಿ.ಇ.ಸಿ. ಮಾತ್ರೆ ಹಂಚುವ ಕ್ರಮವೂ ಬಂದಿತು. ‘ನನಗೇನೂ ಆಗಿಲ್ಲವಲ್ಲ’ ಎಂದು ಆ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯುವವರು ಬಹಳ. ಅದು ರೋಗಿಗಾಗಿ ಕೊಡುವ ಮಾತ್ರೆಯಲ್ಲ, ಇಡೀ ಊರಿನಿಂದ ಹುಳುವನ್ನು ಹೊರಗೆ ಹಾಕುವ ಮಾತ್ರೆ ಎಂಬುದನ್ನು ಮನೆಮನೆಗೂ ತಿಳಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಎಲ್ಲ ಕೆಮ್ಮೂ ಕ್ಷಯವಲ್ಲ ಎಂದಮಾತ್ರಕ್ಕೆ ಯಾವ ಕೆಮ್ಮೂ ಕ್ಷಯವಲ್ಲ ಎಂದು ತಿಳಿಯಬಾರದು. ನಮ್ಮಲ್ಲಿ ಇಂದಿಗೂ ಕ್ಷಯವೇ ಹೆಚ್ಚು, ಈ ರೋಗ ಅಪರೂಪ. ಎರಡು ವಾರ ಮೀರಿದ ಯಾವ ಕೆಮ್ಮಿಗಾದರೂ ಮೊದಲು ಕಫದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ. ಕ್ಷಯವೇ ಆದರೂ ಅದಕ್ಕೆ ಔಷಧವಿದೆ. ತಪ್ಪದೆ ತೆಗೆದುಕೊಂಡವರು ಗುಣವಾಗುತ್ತಾರೆ.

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯಾಗುವ ಮೊದಲೇ ಯಾರ ಕೆಮ್ಮಿಗೂ ಹೆಸರಿಡದಿರೋಣ. ಕೆಮ್ಮುವವನ ತಟ್ಟೆಯನ್ನು ಬೇರೆ ಮಾಡುವುದಕ್ಕೆ ಮುನ್ನ ಆತನನ್ನು ಆಸ್ಪತ್ರೆಗೆ ಕರೆದೊಯ್ಯೋಣ.