ಮನೆಗೆ ಮರಳಿದ ಮೇಲಿನ ಮೂವತ್ತು ದಿನಗಳು

ರೋಗಿಯು ಆಸ್ಪತ್ರೆಯಿಂದ ಮನೆಗೆ ಮರಳಿದೊಡನೆ ಚಿಕಿತ್ಸೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ವೃದ್ಧರ ವಿಷಯದಲ್ಲಿ ಈ ಭಾವನೆ ಅಪಾಯಕರವಾದುದು. ಹೃದಯದ ಬಲ ಕುಂದಿದವರು, ಶ್ವಾಸಕೋಶದ ಸೋಂಕಿನಿಂದ ಬಳಲಿದವರು ಕೆಲವೇ ದಿನಗಳಲ್ಲಿ ಮತ್ತೆ ಆಸ್ಪತ್ರೆ ಸೇರುವುದುಂಟು. ಇದನ್ನು ತಡೆಯಲು ಅಮೆರಿಕವು ದಂಡದ ಮಾರ್ಗವನ್ನು ಹಿಡಿಯಿತು. ಆ ಪ್ರಯೋಗವು ವೈದ್ಯರಿಗೂ ಮನೆಯವರಿಗೂ ಕಲಿಸುವ ಪಾಠವೊಂದಿದೆ.

ಅಲ್ಲಿ 65 ವರ್ಷ ದಾಟಿದವರ ಚಿಕಿತ್ಸಾವೆಚ್ಚದ ಬಹುಭಾಗವನ್ನು 1965ರಲ್ಲಿ ಶಾಸನವಾದ ‘ಮೆಡಿಕೇರ್’ ಎಂಬ ಸರ್ಕಾರಿ ವಿಮೆ ಭರಿಸುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೆಡಿಕೇರ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನಗಳೊಳಗೆ ಮರಳಿ ದಾಖಲಾಗುತ್ತಿದ್ದಾರೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 2010ರ ಆರೋಗ್ಯ ಕಾಯಿದೆಯನ್ವಯ, 2012ರ ಅಕ್ಟೋಬರಿನಿಂದ ದಂಡ ಜಾರಿಗೆ ಬಂದಿತು. ಹೃದಯಾಘಾತ, ಹೃದಯವೈಫಲ್ಯ ಮತ್ತು ನ್ಯುಮೋನಿಯಾ ರೋಗಿಗಳು ನಿರೀಕ್ಷೆಗಿಂತ ಹೆಚ್ಚಾಗಿ ಮರಳಿದರೆ, ಆ ಆಸ್ಪತ್ರೆಗೆ ಸಲ್ಲುವ ಮೆಡಿಕೇರ್ ಹಣದಲ್ಲಿ ಕಡಿತ. ಮೊದಲ ವರ್ಷ ಗರಿಷ್ಠ ಶೇಕಡಾ 1 ಇದ್ದ ಈ ಕಡಿತದ ಮಿತಿ ಮೂರನೆಯ ವರ್ಷ ಶೇಕಡಾ 3ಕ್ಕೆ ಏರಿತು.

ಉದ್ದೇಶ ಒಳ್ಳೆಯದೇ, ತೊಡಕಿದ್ದುದು ಅಳತೆಯಲ್ಲಿ. ಮೇಲಿನ ಮೂರು ರೋಗಗಳನ್ನೇ ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪುವರ್ಣೀಯ ವೃದ್ಧರ ಮರುದಾಖಲಾತಿ ಶೇಕಡಾ 24.8 ಇದ್ದರೆ ಬಿಳಿಯರದು 22.6 ಇದ್ದಿತು. ಇನ್ನೊಂದು ಅಂಶ ಮತ್ತಷ್ಟು ಗಮನಾರ್ಹ: ಹೆಚ್ಚಾಗಿ ಕಪ್ಪುವರ್ಣೀಯರೇ ಬರುವ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ ಬಿಳಿಯರೂ ಹೆಚ್ಚಾಗಿ ಮರಳುತ್ತಿದ್ದರು. ಆದುದರಿಂದ ಈ ಅಂತರಕ್ಕೆ ದೇಹದ ವರ್ಣವೊಂದೇ ಕಾರಣವೆನ್ನಲಾಗದು. ಚಿಕಿತ್ಸೆ ದೊರೆಯುವ ಸ್ಥಳ, ಮರಳಿ ಹೋಗುವ ಮನೆ, ಕೈಯಲ್ಲಿರುವ ಹಣ ಇವುಗಳ ಪಾತ್ರವೂ ದೊಡ್ಡದು.

ದಂಡದ ಲೆಕ್ಕವು ರೋಗಿಯ ವಯಸ್ಸನ್ನೂ ಇತರ ರೋಗಗಳನ್ನೂ ಪರಿಗಣಿಸಿತು, ಬಡತನವನ್ನು ಪರಿಗಣಿಸಲಿಲ್ಲ. ಪರಿಗಣಿಸಿದರೆ ಬಡವರಿಗೆ ಕೀಳು ಚಿಕಿತ್ಸೆಯೇ ಸಾಕೆಂದು ಒಪ್ಪಿದಂತಾಗುವುದೆಂಬ ವಾದವೂ ಇತ್ತು, ಅದು ತಳ್ಳಿಹಾಕುವಂಥದ್ದಲ್ಲ. ಆದರೆ ಹಣದ ಅಭಾವದಲ್ಲಿಯೇ ಬಡವರನ್ನು ಉಪಚರಿಸುವ ಆಸ್ಪತ್ರೆಯಿಂದ ಹಣವನ್ನು ಕಿತ್ತುಕೊಂಡರೆ, ಮನೆಗೆ ದಾದಿಯನ್ನು ಕಳುಹಿಸುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು? ಕೊನೆಗೆ 2016ರಲ್ಲಿ ಕಾನೂನು ತಿದ್ದುಪಡಿಯಾಯಿತು. 2018ರ ಅಕ್ಟೋಬರಿನಿಂದ, ಬಡ ರೋಗಿಗಳ ಪ್ರಮಾಣವನ್ನನುಸರಿಸಿ ಆಸ್ಪತ್ರೆಗಳನ್ನು ಐದು ಗುಂಪುಗಳಾಗಿ ವಿಂಗಡಿಸಿ, ಸಮಾನರೊಡನೆ ಸಮಾನರನ್ನು ಹೋಲಿಸಲಾಗುತ್ತಿದೆ. ಅನ್ಯಾಯವು ಇದರಿಂದ ತಗ್ಗಿತು. ರೋಗಿಯ ಮನೆಯ ಸ್ಥಿತಿ ಮಾತ್ರ ಬದಲಾಗಲಿಲ್ಲ.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳಿವೆಯೆಂದು ಚರಕಸಂಹಿತೆ ಹೇಳುತ್ತದೆ. ದಂಡವು ಮೊದಲ ಎರಡು ಪಾದಗಳನ್ನು ಎಚ್ಚರಿಸಬಲ್ಲದು. ಉಳಿದೆರಡು ಪಾದಗಳು ನಿಂತಿರುವುದು ಮನೆಯಲ್ಲಿ. ಔಷಧ ತಂದುಕೊಡುವವರಿಲ್ಲದ, ಪಥ್ಯದ ಆಹಾರ ಕೊಳ್ಳಲಾಗದ ಮನೆಗೆ ಮರಳಿದ ವೃದ್ಧನು ಮತ್ತೆ ಆಸ್ಪತ್ರೆಗೆ ಬಂದರೆ ಆಶ್ಚರ್ಯವೇನು?

ನಮ್ಮ ಮನೆಯ ಹಿರಿಯರು ಆಸ್ಪತ್ರೆಯಿಂದ ಬಂದಾಗಲೂ ಈ ಮಾತು ನೆನಪಿನಲ್ಲಿರಲಿ. ಯಾವ ಹಳೆಯ ಔಷಧ ನಿಲ್ಲಿಸಬೇಕು, ಯಾವ ಹೊಸದನ್ನು ಯಾವಾಗ ಕೊಡಬೇಕೆಂಬುದನ್ನು ಹೊರಡುವ ಮೊದಲೇ ಬರೆಯಿಸಿಕೊಳ್ಳಿರಿ. ಮರುಪರೀಕ್ಷೆಯ ದಿನವನ್ನು ಗೊತ್ತುಪಡಿಸಿಕೊಳ್ಳಿರಿ. ಹೃದಯವೈಫಲ್ಯವುಳ್ಳವರ ತೂಕವನ್ನು ಪ್ರತಿದಿನ ಬೆಳಿಗ್ಗೆ ನೋಡಿರಿ. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚಾದರೆ, ಕಾಲು ಊದಿದರೆ ಕೂಡಲೇ ವೈದ್ಯರಿಗೆ ತಿಳಿಸಿರಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೆರೆಯಲ್ಲಿ ಒಂಟಿಯಾಗಿರುವ ವೃದ್ಧರಿದ್ದರೆ, ಈ ಮೂವತ್ತು ದಿನಗಳಲ್ಲಿ ಅವರ ಬಾಗಿಲನ್ನೂ ಒಮ್ಮೆ ತಟ್ಟಿರಿ.