ಸರ್ದಾನಾ: ಎಣಿಸಿ ಕುಣಿಯುವ ಕುಣಿತ

ಪರದೇಶಕ್ಕೆ ಹೋದವರು ಅಲ್ಲಿಯ ಕುಣಿತವನ್ನು ನೋಡಿ ಬರುವುದು ಸಾಮಾನ್ಯ. ಅದರಲ್ಲಿ ಕೈಗೂಡಿಸಿ ಬರುವುದು ಅಪರೂಪ. ಕುಣಿತವು ರಂಗಸ್ಥಳದ ಮೇಲಿದ್ದರೆ ನಾವು ಪ್ರೇಕ್ಷಕರಾಗಿಯೇ ಉಳಿಯಬೇಕಾಗುತ್ತದೆ. ಆದರೆ ಸ್ಪೇನ್ ದೇಶದ ಈಶಾನ್ಯದಲ್ಲಿರುವ ಕತಲೋನಿಯ ಪ್ರಾಂತದಲ್ಲಿ ಊರ ಚೌಕದಲ್ಲಿಯೇ ನಡೆಯುವ, ದಾರಿಹೋಕರಿಗೂ ತೆರೆದಿರುವ ಒಂದು ಕುಣಿತವುಂಟು. ಅದರ ಹೆಸರು ಸರ್ದಾನಾ. ಬಂಧುಗಳೊಬ್ಬರ ಆಹ್ವಾನದ ಮೇರೆಗೆ ಬಾರ್ಸಿಲೋನಾ ನಗರಕ್ಕೆ ಹೋಗಿದ್ದಾಗ ಅದರಲ್ಲಿ ಸೇರುವ ಸುಯೋಗ ನಮಗೆ ಒದಗಿತು. ಅದರೊಡನೆ ತುಸು ಅವಮಾನವೂ ಒದಗಿತೆಂಬುದನ್ನು ಮುಂದೆ ಹೇಳುವೆವು.

ಆ ನಗರದ ಮಹಾ ಇಗರ್ಜಿಯ ಎದುರಿಗೆ ವಿಶಾಲವಾದ ಅಂಗಳವಿದೆ. ನಾವು ಹೋದ ರವಿವಾರದ ಮುಂಜಾನೆ ಅಲ್ಲಿ ವಾದ್ಯಮೇಳವು ಸಜ್ಜಾಗಿ ಕುಳಿತಿತ್ತು. ಈ ಮೇಳಕ್ಕೆ ಕೋಬ್ಲಾ ಎಂದು ಹೆಸರು. ವಾದಕರು 11 ಮಂದಿ, ವಾದ್ಯಗಳು ಮಾತ್ರ 12! ಒಬ್ಬನು ಎಡಗೈಯಿಂದ ಫ್ಲಬಿಯೋಲ್ ಎಂಬ ಪುಟ್ಟ ಕೊಳಲನ್ನು ನುಡಿಸುತ್ತ, ಎಡ ಮೊಳಕೈಗೆ ಬಿಗಿದ ಅಂಗೈಯಗಲದ ಡೋಲನ್ನು ಬಲಗೈಯ ಕಡ್ಡಿಯಿಂದ ಬಡಿಯುವುದೇ ಈ ಒಗಟಿನ ಉತ್ತರ. ಮೇಳದ ಜೀವಸ್ವರವೆಂದರೆ ತೆನೋರಾ. ಅದು ನಮ್ಮ ಶಹನಾಯಿಯ ಗೋತ್ರದ್ದು. ಕೇಳಿದೊಡನೆ ಮದುವೆಮನೆಯ ನೆನಪಾಗುವುದು. ಈ ವಾದ್ಯಕ್ಕೆ ಮೇಳದಲ್ಲಿ ಹಿರಿಯ ಸ್ಥಾನವನ್ನು ದೊರಕಿಸಿ, ಸರ್ದಾನಾವನ್ನು ಇಂದಿನ ದೀರ್ಘರೂಪಕ್ಕೆ ತಂದವರಲ್ಲಿ ಪೆಪ್ ವೆಂತೂರಾ (1817–1875) ಪ್ರಮುಖರು. ಕತಲಾನರು ತಮ್ಮದೆಂದು ಎದೆಗಪ್ಪಿಕೊಂಡ ಈ ಸಂಗೀತಗಾರರು ಹುಟ್ಟಿದ್ದು ಕತಲೋನಿಯದಲ್ಲಲ್ಲ, ದೂರದ ದಕ್ಷಿಣದ ಆಂದಲೂಸಿಯದಲ್ಲಿ. ಹೊರನಾಡಿನಲ್ಲಿ ಬೆಳೆಯುತ್ತಿರುವ ನೀವು ಇದನ್ನು ಗಮನಿಸಬಹುದು.

ಮೇಳವು ನುಡಿಯತೊಡಗಿದೊಡನೆ ಜನರು ಕೈಕೈ ಹಿಡಿದು ವರ್ತುಲಗಳಾಗಿ ನಿಂತರು. ಚೀಲಗಳನ್ನೂ ಅಂಗಿಗಳನ್ನೂ ವರ್ತುಲದ ನಡುವೆ ರಾಶಿ ಹಾಕಿದರು. ಅವುಗಳಿಗೆ ಬೇರೆ ಕಾವಲು ಬೇಕಿಲ್ಲ. ನಾವೂ ಧೈರ್ಯಮಾಡಿ ಒಬ್ಬ ವೃದ್ಧರ ಬಲಗಡೆಗೆ ಕೈನೀಡಿದೆವು. ಅಲ್ಲಿದ್ದ ಅಜ್ಜಿ ನಕ್ಕು, ತಲೆಯಲ್ಲಾಡಿಸಿ, ನಮ್ಮ ಮಣಿಕಟ್ಟನ್ನು ಹಿಡಿದು ಆ ವೃದ್ಧರ ಎಡಗಡೆಗೆ ತಂದು ನಿಲ್ಲಿಸಿದರು. ಸಂಪ್ರದಾಯದಲ್ಲಿ ಪುರುಷನ ಜೊತೆಗಾತಿ ಅವನ ಬಲಕ್ಕೆ ನಿಲ್ಲುತ್ತಾಳೆ. ಹೊಸಬರು ಆ ಜೋಡಿಯನ್ನು ಬಿಡಿಸಿ ನಡುವೆ ನುಗ್ಗಬಾರದು. ಒಂದೇ ಬಗೆಯ ಉಡುಪು ತೊಟ್ಟ ನುರಿತ ತಂಡಗಳ ವರ್ತುಲಕ್ಕೆ ಕೈಯಿಕ್ಕುವುದೂ ಸಲ್ಲದು. ಬಾಗಿಲು ತೆರೆದಿದೆಯೆಂದು ಎಲ್ಲೆಂದರಲ್ಲಿ ಒಳಹೋಗುವ ಹಾಗಿಲ್ಲವೆಂದಾಯಿತು.

ಇನ್ನು ಹೆಜ್ಜೆಯ ವಿಚಾರ. ಹೆಜ್ಜೆಗಳು ಎರಡು ಬಗೆ: ಕಿರಿದು, ಹಿರಿದು. ಕಿರಿಹೆಜ್ಜೆಗೆ ತಾಳದ 2 ಆವರ್ತ, ಆಗ ಕೈಗಳು ಕೆಳಗೆ. ಹಿರಿಹೆಜ್ಜೆಗೆ 4 ಆವರ್ತ, ಆಗ ಕೈಗಳು ಮೇಲೆ. ನೋಡುವವರಿಗೆ ಇದು ಅತಿ ಸುಲಭವೆನಿಸುತ್ತದೆ. ತೊಡಕಿರುವುದು ಗಣಿತದಲ್ಲಿ. ಒಂದೊಂದು ರಚನೆಯ ಭಾಗಗಳ ಉದ್ದ ಬೇರೆ ಬೇರೆ. ಸಂಗೀತ ಮುಗಿದ ಗಳಿಗೆಯಲ್ಲಿಯೇ ಹೆಜ್ಜೆಯೂ ಮುಗಿಯಬೇಕು. ಉದಾಹರಣೆಗೆ, ಹಿರಿಹೆಜ್ಜೆಯ ಭಾಗವೊಂದು 79 ಆವರ್ತಗಳದ್ದೆನ್ನಿ. ನಾಲ್ಕರಿಂದ ಭಾಗಿಸಿದರೆ 19 ಹೆಜ್ಜೆ, ಶೇಷ 3. ಈ ಶೇಷವನ್ನು ನುಂಗುವಂತೆ ಕಡೆಯ ಹೆಜ್ಜೆಗಳನ್ನು ಮಾರ್ಪಡಿಸಬೇಕು. ಆದುದರಿಂದ ಪ್ರತಿ ವರ್ತುಲದಲ್ಲಿಯೂ ಲೆಕ್ಕ ಬಲ್ಲವರೊಬ್ಬರಿರುತ್ತಾರೆ. ಆ ಭಾಗವು ಮೊದಲ ಸಲ ನುಡಿಯುವಾಗ ಅವರು ಎಣಿಸಿಕೊಂಡು, ಮರುಸಲ ಬಂದಾಗ ಉಳಿದವರಿಗೆ ಸೂಚನೆ ಕೊಡುತ್ತಾರೆ. ನಮ್ಮ ಕೋಲಾಟದಲ್ಲಿ ಲೆಕ್ಕ ತಪ್ಪಿದರೆ ಪಕ್ಕದವನ ಬೆರಳಿಗೆ ಪೆಟ್ಟು ಬೀಳುತ್ತದೆ. ಇಲ್ಲಿ ಪೆಟ್ಟಿಲ್ಲ, ಆದರೆ ಎಲ್ಲರೂ ನಿಂತಾಗ ತಪ್ಪಿದವನೊಬ್ಬನ ಕಾಲು ಗಾಳಿಯಲ್ಲಿರುತ್ತದೆ. ಅಂದು ಗಾಳಿಯಲ್ಲಿದ್ದ ಕಾಲು ನಮ್ಮದು.

ಆ ಕುಣಿತವು ಮುಗಿದ ಮೇಲೆ ವೃದ್ಧರು ಹರಕುಮುರುಕು ಇಂಗ್ಲಿಷಿನಲ್ಲಿ ತಮ್ಮ ಬಾಲ್ಯದ ಮಾತನ್ನು ಹೇಳಿದರು. ಅಂತರ್ಯುದ್ಧವು 1939ರಲ್ಲಿ ಮುಗಿದು ಫ್ರಾಂಕೋ ಸರ್ವಾಧಿಕಾರವು ನೆಲೆಗೊಂಡ ಮೇಲೆ ಕತಲಾನ್ ಭಾಷೆಯನ್ನು ಶಾಲೆ ಕಚೇರಿಗಳಿಂದ ಹೊರಹಾಕಲಾಗಿತ್ತು. 1975ರಲ್ಲಿ ಫ್ರಾಂಕೋ ತೀರಿಕೊಂಡು, 1979ರ ಸ್ವಾಯತ್ತತಾ ಶಾಸನ ಬಂದ ತರುವಾಯವೇ ಅದು ಮತ್ತೆ ಅಧಿಕೃತ ಭಾಷೆಯಾಯಿತು. ವೃದ್ಧರು ಶಾಲೆಯಲ್ಲಿ ಓದಿದ್ದೆಲ್ಲ ಸ್ಪ್ಯಾನಿಷ್‌ನಲ್ಲಿ. ಹೆಜ್ಜೆ ಎಣಿಸಲು ತಂದೆ ಕಲಿಸಿದ್ದು ಮಾತ್ರ ಮನೆಮಾತಿನಲ್ಲಿ.

ಮತ್ತೆ ಕೊಳಲು ನುಡಿಯಿತು. ನಾವು ಈ ಸಲ ಸರಿಯಾದ ಕಡೆಯೇ ನಿಂತೆವು. ಬಲಕ್ಕಿದ್ದ ವೃದ್ಧರು ತುಟಿಯಲ್ಲಿಯೇ ‘ಉ, ದೋಸ್, ತ್ರೆಸ್’ ಎಂದೆಣಿಸುತ್ತಿದ್ದರು. ನಮ್ಮ ಬಾಯಲ್ಲಿ ‘ಒಂದು, ಎರಡು, ಮೂರು’ ತಾನಾಗಿಯೇ ಬರುತ್ತಿತ್ತು. ಕಡೆಯ ಭಾಗದಲ್ಲಿ ಅವರು ನಮ್ಮ ಬೆರಳುಗಳನ್ನು ಮೆಲ್ಲನೆ ಅದುಮಿದರು. ಮೇಳ ನಿಂತಿತು, ಕೈಗಳು ಕೆಳಗಿಳಿದವು, ನಮ್ಮ ಎರಡು ಕಾಲುಗಳೂ ನೆಲದ ಮೇಲಿದ್ದವು.