ಮೊಣಕಾಲಿನ ಪೆಟ್ಟು: ಎಲುಬು ಕೂಡಿದರೆ ಸಾಲದು



ಮಳೆಗಾಲದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎರಿ ನೆಲದಲ್ಲಿ ಮೋಟರ್ ಸೈಕಲ್ ಜಾರುವುದು ಹೊಸದಲ್ಲ. ಕಾಲು ಕೆಸರಿನಲ್ಲಿ ಹೂತು ಮೈ ಒಂದು ಕಡೆ ತಿರುಗಿದರೆ ಮೊಣಕಾಲು ಊದಿಕೊಳ್ಳುತ್ತದೆ. "ಉಳುಕ್ಯದ, ತಿಕ್ಕಿಸ್ರಿ, ಹೋಗ್ತದ" ಅಂತಾರೆ ಮನೆಯವರು. ಈ ಮಾತು ನಂಬಿ ಕಾಲು ಕೆಡಿಸಿಕೊಳ್ಳಬಾರದು.

ಒಳಗೆ ಏನಾಗಿರುತ್ತದೆ?

ಮೊಣಕಾಲಿನ ಕೆಳಗಿನ ಎಲುಬಿನ ತಲೆ ಮಣೆಯಂತೆ ಚಪ್ಪಟೆ. ಅದರ ಮೇಲೆ ತೊಡೆಯ ಎಲುಬು ಕೂತಿರುತ್ತದೆ. ಇವೆರಡನ್ನು ನಾಲ್ಕು ಗಟ್ಟಿ ನಾರುಗಳು ಹಿಡಿದಿವೆ: ಬದಿಗೆ ಎರಡು, ಒಳಗೆ ಅಡ್ಡಡ್ಡ ಎರಡು. ಡಾಕ್ಟರು ಇವಕ್ಕೆ ಲಿಗಮೆಂಟ್ ಅಂತಾರೆ. ಜೋರಾಗಿ ಜಗ್ಗಿದಾಗ ನಾರು ಹರಿಯುತ್ತದೆ, ಇಲ್ಲವೇ ಎಲುಬಿನ ಚೂರನ್ನೇ ಕಿತ್ತುಕೊಂಡು ಬರುತ್ತದೆ. ಮಕ್ಕಳಲ್ಲಿ ಹೀಗೆ ಚೂರು ಕೀಳುವುದುಂಟು. ಪೆಟ್ಟು ದೊಡ್ಡದಾದರೆ ಮಣೆಯೇ ಒಡೆಯುತ್ತದೆ.

1879ರಲ್ಲಿ ಫ್ರಾನ್ಸಿನ ಡಾಕ್ಟರ್ ಪಾಲ್ ಸೆಗೊಂಡ್ ಈ ಎಲುಬಿನ ಹೊರಅಂಚಿನಲ್ಲಿ ಏಳುವ ಸಣ್ಣ ಚೂರನ್ನು ವಿವರಿಸಿದರು. ಆ ಚೂರು ಕಂಡರೆ ಒಳಗಿನ ಮುಂದಿನ ನಾರು ಹರಿದಿರುವ ಸಂಭವ ಬಹಳ ಎಂದು ಇಂದು ಗೊತ್ತಾಗಿದೆ. ಎಕ್ಸರೇಯಲ್ಲಿ ಎಲುಬು ಕಾಣುತ್ತದೆ, ನಾರು ಕಾಣುವುದಿಲ್ಲ. ಆದ್ದರಿಂದ "ನಾರಿಗೂ ಪೆಟ್ಟಾಗ್ಯದೇನ್ರಿ? ಎಂಆರ್‌ಐ ಬೇಕೇನ್ರಿ?" ಎಂದು ಕೇಳಿರಿ.

ತಕ್ಷಣ ಏನು ಮಾಡಬೇಕು?

1. ತಿಕ್ಕಬೇಡಿ, ಜಗ್ಗಬೇಡಿ, ನಡೆಸಬೇಡಿ.
2. ಕಾಲು ಇದ್ದ ಹಾಗೇ ತೊಡೆಯಿಂದ ಹಿಮ್ಮಡದವರೆಗೆ ಎರಡು ಬದಿಗೆ ಕಟ್ಟಿಗೆ ಇಟ್ಟು, ನಡುವೆ ಬಟ್ಟೆ ಕೊಟ್ಟು ಸಡಿಲಾಗಿ ಕಟ್ಟಿರಿ.
3. ಪಾದ ತಣ್ಣಗಾದರೆ, ಬಿಳಿಚಿದರೆ, ಜೋಮು ಹಿಡಿದರೆ, ಮೀನಖಂಡ ಕಲ್ಲಿನಂತೆ ಬಿಗಿದು ನೋವು ತಡೆಯದಾದರೆ 108ಕ್ಕೆ ಫೋನ್ ಮಾಡಿರಿ. ರಕ್ತ ಹರಿಯುವುದು ನಿಂತು 6 ತಾಸು ಮೀರಿದರೆ ಕಾಲು ಉಳಿಯುವುದು ಕಷ್ಟ. ಬಿದಿರು ದಬ್ಬೆ ಬಿಗಿದು ಕಟ್ಟಿಸಿದರೂ ಇದೇ ಅಪಾಯ.

ಚಿಕಿತ್ಸೆ ಹೇಗೆ?

ಎಲುಬು ಸರಿದಿಲ್ಲದಿದ್ದರೆ ಪಟ್ಟಿ ಸಾಕಾಗಬಹುದು. ಸರಿದಿದ್ದರೆ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಬಾವು ಹೆಚ್ಚಿದ್ದರೆ ಹೊರಗಿನಿಂದ ಸರಳು ಕೂಡಿಸಿ, ಬಾವು ಇಳಿದ ಮೇಲೆ ಆಪರೇಷನ್. ನಾರು ಕಿತ್ತ ಚೂರನ್ನು ಅದರ ಜಾಗಕ್ಕೇ ಕೂಡಿಸುತ್ತಾರೆ. ಬದಿಯ ನಾರು ಎಷ್ಟೋ ಸಲ ಪಟ್ಟಿಯಲ್ಲೇ ಕೂಡುತ್ತದೆ. ಒಳಗಿನ ನಾರು ಪೂರ್ತಿ ಹರಿದಿದ್ದರೆ ಎಲುಬು ಕೂಡಿದ ನಂತರ ಇನ್ನೊಂದು ಆಪರೇಷನ್ ಬೇಕಾಗಬಹುದು. ಇದನ್ನು ಬಿಟ್ಟರೆ ಎಲುಬು ಕೂಡಿದರೂ ನಡೆಯುವಾಗ ಮೊಣಕಾಲು ಜೋಲಿ ಹೊಡೆಯುತ್ತದೆ, ತಲೆಯ ಮೇಲೆ ಕೊಡ ಹೊರಲಾಗುವುದಿಲ್ಲ.

ಮಣೆ ಒಡೆದವರು ಸಾಮಾನ್ಯವಾಗಿ 6ರಿಂದ 12 ವಾರ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಾರದು. ಆದರೆ ಸುಮ್ಮನೆ ಮಲಗಿದರೆ ಮೊಣಕಾಲು ಬಿಗಿಯುತ್ತದೆ. ಪಾದ ಮೇಲೆ-ಕೆಳಗೆ ಆಡಿಸುವುದು, ತೊಡೆ ಬಿಗಿಸಿ ಬಿಡುವುದು, ಡಾಕ್ಟರು ಹೇಳಿದಷ್ಟು ಮಡಚುವುದು ದಿನಾ ನಡೆಯಲಿ. ಬೀಡಿ, ತಂಬಾಕು ಬಿಡಬೇಕು. ಎಲುಬು ಕೂಡುವುದು ತಡವಾಗುತ್ತದೆ.

ಸಂಘದ ಕೆಲಸ

2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಬಡ್ಡಿ ಸಾಲಕ್ಕೆ ಓಡುವ ಮುಂಚೆ ರೇಷನ್ ಕಾರ್ಡು, ಆಧಾರ್ ಹಿಡಿದು ಸರಕಾರಿ ದವಾಖಾನಿಗೆ ಹೋಗಿ ವಿಚಾರಿಸಿರಿ. ಮನೆಯ ದುಡಿಯುವ ಕಾಲು ನಿಂತಾಗ ಸಂಘದ ಸಾಲ ಬಸ್ ಖರ್ಚಿಗೆ, ಸಂತಿಗೆ ಆಸರೆಯಾಗಲಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಊರಲ್ಲಿ ಕಾಲು ಮುರಿದರೆ ಮೊದಲು ಎಲ್ಲಿಗೆ ಒಯ್ಯುತ್ತೇವೆ? ಯಾಕೆ?
2. ನಮ್ಮ ಸದಸ್ಯೆಯರಲ್ಲಿ ಯಾರ ಬಳಿ ಇನ್ನೂ ಆರೋಗ್ಯ ಕಾರ್ಡಿಲ್ಲ?